ಒಂದೇ ಬೋರ್ಡು

ಪೋರ್ತೊದ ಅಂಗಡಿಗೂ ಬ್ರಾಗಾದ ನನ್ನ ಅಂಗಡಿಗೂ
ಬೋರ್ಡು ಒಂದೇ. ಅದೇ ಹಸಿರು,
ಅದೇ ಓರೆ ಟೋಪಿಯ ಕರಡಿ,
ಕರಡಿಗೆ ಅದೇ ನಗೆ—
ಹಲ್ಲು ಎಷ್ಟು ಕಾಣಬೇಕೆಂಬುದು
ಕೈಪಿಡಿಯ ನಲವತ್ತನೇ ಪುಟದಲ್ಲಿದೆ.

ವ್ಯತ್ಯಾಸ ಏನೆಂದು ಕೇಳುತ್ತಾರೆ ಜನ.
ಅದು ಕಂಪನಿಗೆ ಮಗಳು, ಇದು ಸೊಸೆ.
ಸೊಸೆಗೂ ಮನೆತನದ ಹೆಸರು ಸಿಗುತ್ತದೆ,
ಉಗ್ರಾಣದ ಬೀಗದ ಕೈ ಮಾತ್ರ
ಬೇರೆ ಯಾರದೋ ಸೊಂಟದಲ್ಲಿ.

ಅಲ್ಲಿ ಬಲ್ಬು ಸುಟ್ಟರೆ ಒಂದು ಫೋನು ಸಾಕು,
ಉತ್ತರದ ಯಾವುದೋ ಊರಲ್ಲಿ ಯಾರೋ ಎದ್ದು ಕೂರುತ್ತಾರೆ.
ಇಲ್ಲಿ ಜುಲ್ಮೀರಾ ಏಣಿ ಹಿಡಿಯುತ್ತಾಳೆ, ನಾನು ಹತ್ತುತ್ತೇನೆ.
ಬಲ್ಬು ಮಾತ್ರ ಅವರು ಹೇಳಿದ್ದೇ ಆಗಬೇಕು,
ಅವರು ಹೇಳಿದ ಕಡೆಯಿಂದ, ಅವರು ಹೇಳಿದ ಬೆಲೆಗೆ.

ಮಾರಿದ ನೂರು ಯೂರೋದಲ್ಲಿ ಏಳು
ಕರಡಿಯ ಟೋಪಿಯೊಳಗೆ ಬೀಳುತ್ತದೆ.
ಮಾರದೆ ಉಳಿದದ್ದು ಪೂರ್ತಿ ನನ್ನದು.
ಸ್ವಂತದ್ದು ಅನ್ನಲಿಕ್ಕೆ ಅಷ್ಟಾದರೂ ಇದೆ:
ಹಿಂದಿನ ಕೋಣೆಯಲ್ಲಿ ಹನ್ನೊಂದು ಪೆಟ್ಟಿಗೆ ಹಿಮಸಾರಂಗ,
ಹೋದ ಕ್ರಿಸ್‌ಮಸ್ಸಿನವು,
ವಾಪಸು ಕಳಿಸುವ ಹಾಗಿಲ್ಲ.

ಅಸೂಯೆ ಅಂದುಕೊಳ್ಳಬೇಡಿ.
ಪೋರ್ತೊದ ಮ್ಯಾನೇಜರು ತೆಲ್ಮೊ, ಪಾಪ,
ಮರದ ರೈಲಿಗೆ ಒಂದು ಚಕ್ರ ಕೊಡಬೇಕೆಂದರೂ
ಮೂರು ಫಾರಂ ತುಂಬಿ ಮೂರು ವಾರ ಕಾಯಬೇಕು.
ನನ್ನ ಗಲ್ಲಾದ ಕೆಳಗೊಂದು ಬಿಸ್ಕತ್ತಿನ ಡಬ್ಬಿ:
ಚಕ್ರ, ಕೊಕ್ಕೆ, ಕಿವಿ, ಒಂಟಿ ಕಣ್ಣು.
ಅಳುವ ಮಗು ಬಂದರೆ ಮುಚ್ಚಳ ತೆಗೆಯುತ್ತೇನೆ, ಅಷ್ಟೆ.
ಇದು ಯಾವ ಪುಟದಲ್ಲೂ ಇಲ್ಲ.

ಆ ಶನಿವಾರ ಬೆನೆದೀತಾ ಬಂದಳು.
ಒಂಬತ್ತು ವರ್ಷ, ಮೊಣಕಾಲಿಗೆ ಪಟ್ಟಿ,
ಕೈಯಲ್ಲಿ ಮೂವತ್ತೈದು ಯೂರೋದ ಉಡುಗೊರೆ ಕಾರ್ಡು,
ಪೋರ್ತೊದಿಂದ ಚಿಕ್ಕಮ್ಮ ಕಳಿಸಿದ್ದು.
ದೀಪಸ್ತಂಭ ಬೇಕು ಅಂದಳು.
ದೀಪಸ್ತಂಭ ಮೊದಲು ಆರು ತಿಂಗಳು ಮಗಳ ಮನೆಗೆ.
ಹಾಗಾದರೆ ದೋಣಿ, ಅಂದಳು.
ಮಿಷನ್ನಿನಲ್ಲಿ ಕಾರ್ಡು ಉಜ್ಜಿದೆ: ಅಮಾನ್ಯ.
ಇನ್ನೊಮ್ಮೆ ಉಜ್ಜಿದೆ. ಅಮಾನ್ಯ.
ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ,
ಸೊಸೆಯರ ಹೆಸರು ಅದರಲ್ಲಿರಲಿಲ್ಲ.

ಹುಡುಗಿ ಬಾಗಿಲಾಚೆ ಹೋಗಿ
ಬೋರ್ಡು ನೋಡಿದಳು, ಕಾರ್ಡು ನೋಡಿದಳು,
ಕರಡಿಗೆ ಕರಡಿ ತಾಳೆ ಹಾಕಿ
ಒಳಗೆ ಬಂದು ಕೇಳಿದಳು:
‘ಇದು ನಿಜವಾದ ಅಂಗಡಿ ಅಲ್ವಾ?’

ಹದಿನಾಲ್ಕು ವರ್ಷದ ಬಾಡಿಗೆ, ಎರಡು ಸಾಲ,
ಒಡೆದ ಗಾಜಿಗೆ ಬಾರದ ವಿಮೆ—
ಎಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು.
‘ಮಿಷನ್ ಕೆಟ್ಟಿದೆ ಪುಟ್ಟಿ,’ ಅಂದೆ.
ಕಾರ್ಡು ಇಸಕೊಂಡು
ನನ್ನ ಪರ್ಸಿನಿಂದ ಗಲ್ಲಾಕ್ಕೆ ದುಡ್ಡು ಹಾಕಿದೆ.
ದೋಣಿ ಹೋಯಿತು.

ಮಂಗಳವಾರ ರೈಲು ಹತ್ತಿದೆ.
ಪೋರ್ತೊದಲ್ಲಿ ಸಾಲು ಬೀದಿಯವರೆಗೆ.
ನನ್ನಂಥದೇ ಏಪ್ರನ್ ತೊಟ್ಟ ಹುಡುಗ
(ಅವನಿಗೆ ಪುಕ್ಕಟೆ, ನನಗೆ ಹತ್ತೊಂಬತ್ತು ಯೂರೋ)
ಕೈಪಿಡಿಯಲ್ಲಿರುವಷ್ಟೇ ಹಲ್ಲು ತೋರಿಸಿ
‘ನಮ್ಮಲ್ಲಿಗೆ ಮೊದಲ ಸಲ ಬರ್ತಿದ್ದೀರಾ?’ ಅಂದ.
ಹೌದು ಅಂದೆ.

ದೀಪಸ್ತಂಭ, ಮೂವತ್ತನಾಲ್ಕು ತೊಂಬತ್ತು.
ಕಾರ್ಡು ಅಲ್ಲಿ ಒಂದೇ ಸಲಕ್ಕೆ ಒಪ್ಪಿಕೊಂಡಿತು.

ಈಗ ಅದು ನನ್ನ ಗಾಜಿನ ಕಿಟಕಿಯಲ್ಲಿದೆ.
ಮಾರಾಟಕ್ಕಲ್ಲ.
ಗುರುವಾರ ತಪಾಸಣೆಯವರು ಬಂದು
ತಮ್ಮ ಪಟ್ಟಿಯಲ್ಲಿಲ್ಲವೆಂದು ತೆಗೆಸುತ್ತಾರೆ, ತೆಗೆಸಲಿ.
ಅಲ್ಲಿಯವರೆಗೆ ಶಾಲೆ ಬಿಟ್ಟ ಮೇಲೆ
ಬೆನೆದೀತಾ ದೋಣಿ ಹಿಡಿದು ಬರುತ್ತಾಳೆ,
ದೀಪ ತಿರುಗುತ್ತದೆ,
ಸೋಟೊ ಬೀದಿಯ ಒದ್ದೆ ಕಲ್ಲಿನ ಮೇಲೂ ಒಂದಿಷ್ಟು ಬೀಳುತ್ತದೆ.

ಕಾರ್ಡಿನಲ್ಲಿ ಇನ್ನೂ ಹತ್ತು ಸೆಂಟು ಉಳಿದಿದೆ.
ಚಕ್ರಗಳ ಜೊತೆ ಡಬ್ಬಿಯಲ್ಲಿ ಇಟ್ಟಿದ್ದೇನೆ,
ಕಂಪನಿಯಲ್ಲಿ ನನ್ನ ಪಾಲು.