ಬಿಟ್ಟುಹೋದ ಕೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಎದುರು
ಜೆರಾಕ್ಸ್ ಅಂಗಡಿಯ ಅಟ್ಟದ ಮೇಲೆ ನನ್ನ ಕಂಪ್ಯೂಟರು.
ಹಿಂದಿನ ಕಿಟಕಿಯಿಂದ ಹೊರಟ ನೀಲಿ ಕೇಬಲ್ಲು
ಬಟ್ಟೆ ಒಣಹಾಕುವ ತಂತಿಗೆ ಜೋತುಬಿದ್ದು ಓಣಿ ದಾಟಿ
ಮುಬೀನಾಳ ಅಪ್ಪನ ಫಿಲೇಚರಿನೊಳಕ್ಕೆ.
ಓಣಿ ಅಂದರೆ ಎಷ್ಟು? ಕೂಗಿದರೆ ಕೇಳುವಷ್ಟು.
ಹರಾಜಿನ ಹೊತ್ತಲ್ಲಿ ಕೂಗಿದರೆ
ಎಲ್ಲರಿಗೂ ಕೇಳುತ್ತದೆ.

ರೇಟು ಬರೆಯುವ ಕರಿಹಲಗೆ ನನಗೆ ಕಾಣುತ್ತದೆ, ಅವಳಿಗಿಲ್ಲ.
ಅದಕ್ಕೇ ಚಾಟಿನ ಸಾಫ್ಟ್‌ವೇರಿನಲ್ಲೇ ಒಂದು ಸ್ಕ್ರಿಪ್ಟು ಬರೆದೆ,
ಹನ್ನೊಂದು ಸಾಲು.
ಲಾಟ್ ನಂಬರು, ಕಿಲೋಗೆ ಇಷ್ಟು ರೂಪಾಯಿ,
ಅವಳ ವಿಳಾಸ, ಪೋರ್ಟು ನಾಲ್ಕು ಸಾವಿರದ ಇಪ್ಪತ್ತೊಂದು.
ಎಂಟರ್ ಒತ್ತಿದರೆ ಹೋಯಿತು.
ತಲುಪಿತಾ ಅಂತ ಕೇಳುವ ಅಭ್ಯಾಸ ಯುಡಿಪಿಗಿಲ್ಲ.

ಕೇಳುವಂಥದು ಇನ್ನೊಂದಿದೆ, ಟಿಸಿಪಿ.
ಅದು ಮುಬೀನಾಳ ದೊಡ್ಡಮ್ಮ ನೂಲು ತೆಗೆದ ಹಾಗೆ:
ಕುದಿನೀರಿನಲ್ಲಿ ಎಳೆ ಕಡಿದರೆ
ಬೊಬ್ಬೆಯೆದ್ದ ಬೆರಳಲ್ಲೇ ತುದಿ ಹುಡುಕಿ, ಕೂಡಿಸಿ,
ಆಮೇಲಷ್ಟೇ ರಾಟೆ ಮುಂದಕ್ಕೆ.
ನನ್ನದು ಮಾಳಿಗೆಯಿಂದ ಮಾಳಿಗೆಗೆ ಗೂಡು ಎಸೆದ ಹಾಗೆ.
ಹಿಡಿದರೆ ಹಿಡಿದಳು.
ಮೋರಿಗೆ ಬಿದ್ದರೆ ಮೋರಿ ಬಂದು ಹೇಳುವುದಿಲ್ಲ.

ಮೊದಲ ದಿನ ಇಪ್ಪತ್ತಾರು ಎಸೆದೆ.
ಅತ್ತಲಿಂದ ಒಂದಕ್ಷರವಿಲ್ಲ.
ಮಾರನೆಯ ದಿನವೂ ಇಲ್ಲ.
ಯಾರೂ ಕೇಳದ ಜಾಗ ಸಿಕ್ಕರೆ
ಬಾಯಿ ಸುಮ್ಮನಿರುತ್ತದಾ?

ಲಾಟ್ ೧೧೭, ನೂರ ನಲವತ್ತೆರಡು, ಬಿಳಿ ಗೂಡು, ನನಗೆ ಜ್ವರ.
ಲಾಟ್ ೧೧೮, ನೂರ ಒಂಬತ್ತು, ಜಾಳು ಜಾಸ್ತಿ,
ನೀನು ಪಾಲಿಟೆಕ್ನಿಕ್ ಬಿಟ್ಟದ್ದಕ್ಕೆ ನನಗಿನ್ನೂ ಸಿಟ್ಟಿದೆ.
ಲಾಟ್ ೧೨೦, ನೂರ ಮೂವತ್ತು, ಲ್ಯಾಬಿನಲ್ಲಿ ನಿನ್ನ ಸ್ಟೂಲಿನ ಮೇಲೆ
ಈಗ ಯಾರೋ ಛತ್ರಿ ಇಡುತ್ತಾರೆ.
(೧೧೯ ಕರೆಂಟು ಹೋದಾಗ ಹೋಯಿತು.)

ಮೂರನೆಯ ದಿನ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು,
ಬೆಂದ ಹುಳುವಿನ ವಾಸನೆ, ಒದ್ದೆ ದುಪಟ್ಟ.
"ಏನ್ ಮೇ ನಾಗಲಾಂಬಿಕೆ, ಒಂದೊಂದಕ್ಕೂ ಜವಾಬು ಕಳಿಸ್ತಿದೀನಿ.
ನಿಂಗೇನು ಕಣ್ಣಿಲ್ವಾ?"

ನನ್ನ ಕುರ್ಚಿಗೇ ಒರಗಿ ಸ್ಕ್ರಿಪ್ಟು ತೆರೆದಳು.
ಏಳನೆಯ ಸಾಲು. ಬೆರಳಿಟ್ಟಳು.
ಒಂದು ಅಡ್ಡಗೆರೆ, ಒಂದು ಕೆ, ಅಷ್ಟೇ ಬಿಟ್ಟುಹೋಗಿತ್ತು.
ಕೆ ಇದ್ದರೆ ಕಳಿಸಿದ ಮೇಲೂ ಬಾಗಿಲು ತೆರೆದಿರುತ್ತದೆ.
ಇಲ್ಲದಿದ್ದರೆ ಎಸೆದ ಕೈಯೇ ಚಿಲಕ ಹಾಕುತ್ತದೆ.
ಅವಳದರಲ್ಲಿತ್ತು.
ಅವಳು ಹೆಲ್ಪು ಪೂರ್ತಿ ಓದುವವಳು, ಕಾಲೇಜಿನಲ್ಲೂ ಹಾಗೇ.

೧೧೮ಕ್ಕೆ ಏನು ಬರೆದಿದ್ದೆ, ಅಂದೆ.
"ಕಳಿಸಿ ಆಯ್ತಲ್ಲ," ಅಂದಳು.
"ಇದು ಯುಡಿಪಿ. ಎರಡು ಸಲ ಹೇಳಲ್ಲ."

ಇಳಿದು ಹೋದಳು. ಓಣಿಯಲ್ಲಿ ಯಾರೋ ಸೈಕಲ್ಲಿಗೆ
ಗೂಡಿನ ಮೂಟೆ ಏರಿಸುತ್ತಿದ್ದರು, ಕೇಬಲ್ಲು ಸ್ವಲ್ಪ ಅಲುಗಿತು.
ಕೆ ಸೇರಿಸಿ, ಉಳಿಸಿ, ಹಲಗೆ ನೋಡಿದೆ.
ಲಾಟ್ ೧೩೪, ನೂರ ಇಪ್ಪತ್ತೆಂಟು.
ಬೇರೇನೂ ಕಟ್ಟಲಿಲ್ಲ; ಈಗ ಭಯವಾಯಿತು.

ಪರದೆಯ ಮೂಲೆಯಲ್ಲಿ ಒಂದು ಸಾಲು:
ಬೇಡ. ಜ್ವರ ಬಿಟ್ಟಿತಾ?