ಎನ್‌ಕೆ ನಲವತ್ತೇಳು

ದೋನಾ ಪಾವ್ಲಾದ ಸಭಾಂಗಣದಲ್ಲಿ ಎ.ಸಿ. ಎಷ್ಟು ಜೋರೆಂದರೆ
ಬಾಪಟ್ ಮೇಡಂಗೆ ಹೊದಿಸಿದ ಶಾಲು
ನಿಜಕ್ಕೂ ಶಾಲಿನ ಕೆಲಸ ಮಾಡಿತು.
ಜೀವಮಾನದ ಸಾಧನೆಗೆ ಒಂದು ಫಲಕ, ಒಂದು ತೆಂಗಿನಕಾಯಿ,
ಇಪ್ಪತ್ತೈದು ನಿಮಿಷದ ಉಪನ್ಯಾಸ.
ಮೇಡಂ ನಲವತ್ತೊಂದು ತೆಗೆದುಕೊಂಡರು.
ಅಧ್ಯಕ್ಷರು ಮೂರು ಸಲ ಗಂಟೆ ಬಾರಿಸಿದರು;
ಎಪ್ಪತ್ತೆರಡು ಗಂಟೆಗೆ ಹೆದರುವ ವಯಸ್ಸಲ್ಲ.

ಮಾತು ಯೀಸ್ಟಿನ ಮುಪ್ಪಿನ ಮೇಲೆ.
ತಾಯಿಕೋಶ ಮೊಗ್ಗು ಬಿಡುತ್ತದೆ, ಮಗಳು ಕಳಚಿಕೊಳ್ಳುತ್ತಾಳೆ,
ಕಳಚಿದಲ್ಲಿ ಒಂದು ಕಲೆ.
ಇಪ್ಪತ್ತು ಕಲೆ, ಇಪ್ಪತ್ತೈದು,
ಆಮೇಲೆ ಮೈಯಲ್ಲಿ ಜಾಗವಿದ್ದರೂ ಮೊಗ್ಗಿಲ್ಲ.
ಮಗಳು ಮಾತ್ರ ಪ್ರತಿ ಸಲ
ಸೊನ್ನೆಯಿಂದ.

ಇದು ನಾನು ಓದಿ ತಿಳಿದದ್ದಲ್ಲ.
ತೊಂಬತ್ತು ನಿಮಿಷಕ್ಕೊಮ್ಮೆ, ಕೂದಲೆಳೆಯಂಥ ಗಾಜಿನ ಸೂಜಿಯಿಂದ
ಮಗಳನ್ನು ತಾಯಿಯ ಮಗ್ಗುಲಿಂದ ಸರಿಸಿ, ಒಂದು ಗೀಟು ಹಾಕಿ,
ರಾತ್ರಿ ಹತ್ತಕ್ಕೆ ತಟ್ಟೆಗಳನ್ನು ಫ್ರಿಜ್ಜಿನಲ್ಲಿ ಮಲಗಿಸಿ
ನಾನೂ ಮಲಗುತ್ತಿದ್ದೆ, ಪುಣೆಯ ಔಂಧ್‌ನಲ್ಲಿ, ಅಲಾರಂ ಐದಕ್ಕೆ.
ಒಂದು ತಟ್ಟೆಯಲ್ಲಿ ಒಬ್ಬಳು ಸಾಯಲೊಲ್ಲಳು.
ಮೂವತ್ತು. ಮೂವತ್ತೆಂಟು. ನಲವತ್ತೂ ದಾಟಿದಳು.
ನನ್ನ ಲೆಕ್ಕವೇ ತಪ್ಪಿರಬೇಕೆಂದು
ಮೂರು ಸಲ ಮೊದಲಿಂದ ಎಣಿಸಿದೆ, ಮೂರು ಚಳಿಗಾಲ.
ಆ ತಳಿಗೆ ನನ್ನ ಇನಿಷಿಯಲ್ಲು ಅಂಟಿತು:
ನೀಲಾಂಬಿಕಾ ಕಮತಗಿಯ ಎನ್, ಕೆ, ನಲವತ್ತೇಳು.
ಈಗಲೂ ಮೈನಸ್ ಎಂಬತ್ತರಲ್ಲಿ ಇದ್ದಾಳೆ,
ಕೇಳಿದವರಿಗೆಲ್ಲ ಕೊರಿಯರ್ ಆಗುತ್ತಾಳೆ.

ಕೃತಜ್ಞತೆಯ ಸ್ಲೈಡು ಎರಡು ಸೆಕೆಂಡು.
ಅಂಚೆಚೀಟಿಯಷ್ಟು ಮೂವತ್ತಾರು ಮುಖ.
ನನ್ನದು ಎಡಮೂಲೆ, ಜಡೆ ಇದ್ದ ಕಾಲದ್ದು.

ಊಟದ ಮೇಲೆ ‘ಪ್ರಯೋಗಾಲಯದಾಚೆಯ ಬದುಕು’, ಐದು ದುಂಡುಮೇಜು.
ಪೇಟೆಂಟಿನವನು ಕಾರ್ಡು ಕೊಟ್ಟ, ಹೆಸರು ಕೇಳಲಿಲ್ಲ.
ಬಿಯರ್ ಕಂಪನಿಯವಳು ನಕ್ಕಳು:
ನಮಗೆ ಸಾಯದ ಯೀಸ್ಟು ಬೇಡ ರೀ,
ಸೋಮವಾರದ ರುಚಿ ಶನಿವಾರವೂ ಕೊಡುವಂಥದ್ದು ಬೇಕು.
ಸರ್ಕಾರಿ ಫೆಲೋಶಿಪ್ಪಿನ ಮೇಜಿನಲ್ಲಿ
ವಯಸ್ಸು ಕೇಳಿದರು. ಮೂವತ್ತಾರು.
‘ಓ’ ಅಂದರು.
ಬಾಯಿ ಮುಚ್ಚಿದ ಮೇಲೂ ಆ ಓ ಸ್ವಲ್ಪ ಹೊತ್ತು
ಮೇಜಿನ ಮೇಲೆ, ದುಂಡಗೆ, ನೀರಿನ ಲೋಟ ಬಿಟ್ಟ ಗುರುತಿನ ಹಾಗೆ.

ಸಂಜೆ ಪೋಸ್ಟರುಗಳ ನಡುವೆ ತೇಜಪುರದ ಹುಡುಗ,
ಟೈ ಹೊಸದು, ಗಂಟು ಅಪ್ಪನ ಕೈಯದು.
ಅವನ ಮೂರನೆಯ ಚಿತ್ರದಲ್ಲಿ ಅವಳಿದ್ದಳು.
ಎನ್‌ಕೆ ಅಂದರೆ ಏನು? ಕೇಳಿದೆ.
‘ಖಚಿತವಿಲ್ಲ ಮ್ಯಾಮ್, ಯಾವುದೋ ಜೀನ್ ಇರಬೇಕು.’
ಇರಬೇಕು, ಅಂದೆ.
ನನ್ನ ಬ್ಯಾಡ್ಜು ಆಗಲೇ ತಿರುವಿ ಬಿದ್ದಿತ್ತು;
ಸರಿಮಾಡಲಿಲ್ಲ. ಚೆನ್ನಾಗಿ ಹೇಳುತ್ತಿದ್ದ ಅವನು.

ನಿದ್ದೆ ಐದಕ್ಕೇ ಹೋಗುತ್ತದೆ ಈಗಲೂ.
ತಾಳೆಗಾಂವಿನ ಓಣಿಯಲ್ಲಿ ಸೈಕಲ್ಲಿನ ಪೋಂ ಪೋಂ ಹಿಡಿದು ಹೋದರೆ
ಭಟ್ಟಿಯ ಮುಂದೆ ದಾವಲಸಾಬ, ರೋಣದವರು.
ನನ್ನ ಕೊಂಕಣಿ ಎರಡನೇ ಮಾತಿಗೇ ಸಿಕ್ಕಿಬಿತ್ತು.
‘ಮೊದಲ ಸೇಂದಿ ಹಾಕಿ ನಾದತಿದ್ರಂತ್ರೀ,
ಈಗ ಗಿಡಾ ಏರವ್ರ್ಯಾರು? ಪಾಕೀಟ ತರತೀವಿ.
ನೀವೇನ ಮಾಡತೀರಿ?’
ಯೀಸ್ಟು.
‘ಮಾರತೀರೇನು?’
ಇಲ್ಲ, ನೋಡತೇನಿ.
‘ಎಷ್ಟ ವರ್ಸಾತು?’
ಹನ್ನೊಂದು.
ಉದ್ದ ಕೋಲಿನ ಹಲಗೆ ಒಳಗೆ ತಳ್ಳಿ, ಬೆಂಕಿಯ ಕಡೆಯೇ ಮುಖವಿಟ್ಟು
ಕೇಳಿದರು: ‘ಮತ್ತ, ಉಬ್ಬತೈತೇನು?’

ಎರಡು ದಿನದಲ್ಲಿ ನನ್ನನ್ನು ಯಾರಾದರೂ ಕೇಳಿದ
ಒಂದೇ ಪ್ರಶ್ನೆ. ಯೋಚಿಸಿದೆ.
ಒಮ್ಮೊಮ್ಮೆ, ಅಂದೆ.
ಅವರು ತಲೆ ಅಲ್ಲಾಡಿಸಿದರು, ಗೊತ್ತಿದ್ದವರ ಹಾಗೆ,
ಮೂರು ಪೊಯೀ ಕಟ್ಟಿ, ಕರಿದಾದ ಇನ್ನೊಂದನ್ನು ಮೇಲಿಟ್ಟರು:
‘ಇದನ್ನ ಮಾರಾಕ ಬರಂಗಿಲ್ಲ.’

ಒಳಗೆ ಟೊಳ್ಳು, ಬಿಸಿ. ಬೆರಳು ಸುಟ್ಟಿತು.
ತವುಡು ಬ್ಯಾಡ್ಜಿನ ಮೇಲೆಲ್ಲ.
ಹತ್ತೂವರೆಗೆ ನನ್ನ ಪೋಸ್ಟರು, ಬಿ ಅರವತ್ತೆರಡು.
ಪಿನ್ನು ಅವರೇ ಕೊಡುತ್ತಾರಂತೆ.