ಒಂದು ಪದದ ಸುಂಕ

ಡಾಂಕಾಸ್ಟರಿನ ಕುದುರೆ ಬಯಲಲ್ಲಿ ಮೂವತ್ತು ವರ್ಷ
ಬೇಲಿಯ ಹಿಂದೆ ಕೂತಿದ್ದ ನನ್ನ ಸೋದರಮಾವ ಫಿಂಟನ್,
ಕೊರಳಲ್ಲಿ ದುರ್ಬೀನು, ಕಿವಿಸಂದಿಯಲ್ಲಿ ಮೋಟು ಪೆನ್ಸಿಲ್ಲು.
ಯಾವುದಕ್ಕೆ ಉಬ್ಬಸ, ಯಾವುದು ಹಿಂಗಾಲು ಎಳೆಯುತ್ತದೆ,
ಮುಂಜಾವದ ಮಂಜಿನಲ್ಲೇ ನೋಡಿ ಬರೆದುಕೊಂಡು
ಮಧ್ಯಾಹ್ನ ಮಾರುತ್ತಿದ್ದ, ಚೀಟಿಗೆ ಅರ್ಧ ಕ್ರೌನು.
ಅಲ್ಲಿ ಅಂಥವರನ್ನು ಟೌಟ್ ಎನ್ನುತ್ತಾರೆ.
ಅತ್ತೆ ಕೂಡ ಹಾಗೇ ಕರೆಯುತ್ತಿದ್ದಳಂತೆ, ನಗುತ್ತ.

ಎಪ್ಪತ್ತಾರರ ಚಳಿಗೆ ಬೆಲ್‌ಫಾಸ್ಟಿಗೆ ವಾಪಸು ಬಂದ.
ಹಡಗುಕಟ್ಟೆಯಲ್ಲಿ ಸೈನಿಕ ಪೆಟ್ಟಿಗೆ ಬಿಚ್ಚಿಸಿದ,
ಬೂಟಿನೊಳಗೆ ಕೈ ಹಾಕಿದ,
ಬಾಯೊಳಗೆ ಮಾತ್ರ ಯಾರೂ ನೋಡಲಿಲ್ಲ.

ಆ ಸಂಜೆಯೇ ಮೆಕ್‌ಗ್ಲೇಡನ ಪಬ್ಬಿನಲ್ಲಿ
ಇಷ್ಟು ವರ್ಷ ಏನು ಮಾಡಿಕೊಂಡಿದ್ದೆಯೋ, ಅಂದರು ಯಾರೋ.
ಟೌಟ್ ಆಗಿದ್ದೆ, ಅಂದ. ಒಳ್ಳೆಯ ಟೌಟ್.
ಎತ್ತಿದ ಗ್ಲಾಸು ಎತ್ತಿದಲ್ಲೇ.
ನೊರೆ ಇಳಿಯುವ ಸದ್ದು ಕೇಳಿಸಿತಂತೆ.

ನಮ್ಮ ಓಣಿಯಲ್ಲಿ ಆ ಪದಕ್ಕೆ ಕುದುರೆಯಿಲ್ಲ.
ಪೊಲೀಸರ ಕಿವಿಗೆ ನೆರೆಮನೆಯ ಹೆಸರು ಹಾಕುವವನಿದ್ದಾನೆ,
ಅವನ ತಲೆಗೊಂದು ಗೋಣಿಚೀಲ, ಊರಾಚೆಯ ಹಳ್ಳ.

ರಾತ್ರಿ ಮೂವರು ಬಂದರು. ಪುಸ್ತಕ ಸಿಕ್ಕಿತು.
ದೊಡ್ಡವನು ಕನ್ನಡಕ ಮರೆತು ಬಂದಿದ್ದ,
ಹನ್ನೊಂದು ವರ್ಷದ ನನ್ನ ಕೈಗೇ ಕೊಟ್ಟ: ಓದು ಮಗಳೇ, ಜೋರಾಗಿ.
"ಮೌನಿ ಜೋಸೆಫ್. ಆರು ಗಂಟೆಗೆ ಒಬ್ಬನೇ ಹೊರಟ.
ವಿಧವೆಯ ಹಿರಿಮಗ. ನಿನ್ನೆಯಿಂದ ಕಾಣುತ್ತಿಲ್ಲ.
ಫಾದರ್ ಕ್ವಿನ್. ಬೆದರಿದ್ದಾನೆ. ಶನಿವಾರ ಇವನ ಕಥೆ ಮುಗಿಯಿತು."
ಅಮ್ಮ ಶಿಲುಬೆಯ ಗುರುತು ಮಾಡಿಕೊಂಡಳು.
ಕುದುರೆಗಳು, ಕುದುರೆಗಳು ಕಣ್ರೋ, ಮಾವ ಅಳುತ್ತಿದ್ದ.
ಹಾಳೆ ತಿರುವಿದೆ: "ಗೊರಸು ಬಿರಿದಿದೆ."
ಗೊರಸೇ? ಅಂದ ದೊಡ್ಡವನು.
ಇನ್ನೊಮ್ಮೆ ಓದು.

ವರ್ಷಗಳಾದ ಮೇಲೆ, ಚಹಾ ಆರಿಸುತ್ತ ಹೇಳುತ್ತಿದ್ದ:
ಲಂಡನ್ನಿನವರ ಬಾಯಲ್ಲಿ ಅಂಥವನು ಹುಲ್ಲು,
ಸಿಡ್ನಿಯಿಂದ ಬಂದ ಜಾಕಿಗೆ ನಾಯಿ,
ಬಾಸ್ಟನ್ನಿನ ಹಡಗಾಳು ಇಲಿ ಅಂತಿದ್ದ, ಕುಡಿದಾಗ ಪಾರಿವಾಳ.
ಅವೆಲ್ಲ ಗೊತ್ತಿತ್ತು ನನಗೆ, ಎಚ್ಚರವಿತ್ತು.
ನನ್ನ ಅನ್ನದ ಪದಕ್ಕೇ ಇಲ್ಲಿ ವಿಷ ಹಾಕಿಟ್ಟಿದ್ದರಲ್ಲೇ.

ಅವನ ಕೈ ಕುಲುಕಿ ಕ್ಷಮೆ ಕೇಳಿದ್ದರು ಅವರು, ಬೆಳಗಿನ ಜಾವ;
ಶನಿವಾರಕ್ಕೆ ಯಾವುದು, ಎಂದೂ ಕೇಳಿದ್ದರು.
ಅಷ್ಟರಲ್ಲಿ ನಮ್ಮ ಗೋಡೆಗೆ ಬಳಿದಾಗಿತ್ತು,
ಬಿಳಿ ಬಣ್ಣ, ನಾಲ್ಕೇ ಅಕ್ಷರ.
ಮೂರು ಸಲ ಮೇಲೆ ಬಣ್ಣ ಹೊಡೆಸಿದೆವು.
ಗೋಡೆ ಒದ್ದೆಯಾದಾಗ ಈಗಲೂ ಏಳುತ್ತದೆ,
ಮೊದಲು ಆ ಎರಡನೆಯದು,
ದುಂಡಗೆ, ತೆರೆದ ಬಾಯಿಯ ಹಾಗೆ.